ಒಂದೇ ಅಂಗಡಿಗೆ ಎರಡು ಸಲ

ಮಾರ್ಚ್ 3, ಮಂಗಳವಾರ

ಪ್ರೀತಿಯ ಏಣಿ,

ಕೊನೆಗೂ ಹೊಸ ಫೋನ್ ಕೊಂಡೆ. ನೀನು ಮೂರು ಭಾನುವಾರಗಳಿಂದ ಹೇಳಿದ್ದನ್ನೇ ಹೇಳುತ್ತಿದ್ದೆ ಎಂದಲ್ಲ. ಹಳೆಯದರ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಬಾಯಿ ಬಿಟ್ಟಿತ್ತು. ಚುಕ್ಕಿ ಮಲಗುವ ಕೋಣೆಯಲ್ಲಿ ಅದನ್ನು ಚಾರ್ಜಿಗೆ ಹಾಕಲು ಭಯವಾಯಿತು. ಬಚ್ಚಲಿನ ಹತ್ತಿರ ಹಾಕಿದೆ, ನೀರು ಸಿಡಿದೀತೆಂದು ಅಲ್ಲೂ ಭಯವಾಯಿತು. ಕೊನೆಗೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಮಗುವೂ ಮಲಗಿ ಮನೆಯೂ ತಣ್ಣಗಿದ್ದ ಒಂದು ಗಂಟೆ ಹಾಗೆ ಹಾಳಾಯಿತು. ಮಾರನೆಯ ದಿನವೇ ಹೋಗಿ ಹೊಸದು ತಂದೆ.

ಎರಡು ಫೋನುಗಳನ್ನೂ ಅಕ್ಕಪಕ್ಕ ಇಟ್ಟರೆ ಹಳೆಯದರಲ್ಲಿದ್ದದ್ದೆಲ್ಲ ತಾನಾಗಿ ಹೊಸದಕ್ಕೆ ಹೋಗುತ್ತದಂತೆ. ಎರಡು ಗಂಟೆಯ ಮೇಲೆ ಹಿಡಿಯಿತು. ಅಷ್ಟರಲ್ಲಿ ಚುಕ್ಕಿ ಎರಡು ಸಲ ಹಾಲು ಕುಡಿದು ಒಂದು ಸಲ ಕಕ್ಕಿದಳು. ಫೋಟೋಗಳೆಲ್ಲ ಬಂದಿವೆ, ಹೆದರಬೇಡ. ಸಾವಿರಕ್ಕೂ ಹೆಚ್ಚಿವೆ, ಮುಕ್ಕಾಲು ಪಾಲು ಅವಳು ಮಲಗಿರುವವು. ಐದು ತಿಂಗಳ ಮಗು ಮಲಗುತ್ತದೆ ಎಂಬುದಕ್ಕೆ ನನ್ನ ಹತ್ತಿರ ಇರುವ ಪುರಾವೆ ಅಷ್ಟೇ. ಬೀಗ ತೆಗೆಯಲು ಫೋನು ನನ್ನ ಮುಖ ಕೇಳಿತು. ತೋರಿಸಿದೆ. ಕಣ್ಣು ತೆರೆಯಿರಿ ಎಂದಿತು. ತೆರೆದೇ ಇತ್ತು.

ಇನ್ನೊಂದು ಸುಖ ಇದೆ. ಇನ್ನು ಮೇಲೆ ಅಂಗಡಿಯಲ್ಲಿ ಪರ್ಸ್ ತೆಗೆಯಬೇಕಿಲ್ಲ. ಜೇಬಿನಿಂದ ಫೋನ್ ತೆಗೆದು ಯಂತ್ರಕ್ಕೆ ತಾಗಿಸಿದರೆ ಟಿಂಗ್ ಎನ್ನುತ್ತದೆ, ಹಣ ಹೋಯಿತು, ಅಷ್ಟೇ. ನಿನಗೆ ಗೊತ್ತಲ್ಲ, ಪರ್ಸ್ ಇಡುವುದು ಚುಕ್ಕಿಯನ್ನು ಮಲಗಿಸಿ ತಳ್ಳುವ ಗಾಡಿಯಲ್ಲಿ, ಕಾಲ ಕೆಳಗಿನ ಪುಟ್ಟ ಹಾಸಿಗೆಯ ಅಡಿಯಲ್ಲಿ. ಕಳ್ಳರು ಅಲ್ಲಿ ಕೈ ಹಾಕುವುದಿಲ್ಲ ಎಂಬ ನನ್ನ ದೊಡ್ಡ ಬುದ್ಧಿ. ಪ್ರತಿ ಸಲ ದುಡ್ಡು ಕೊಡುವಾಗಲೂ ಅವಳ ಕಾಲೆತ್ತಬೇಕು, ಪ್ರತಿ ಸಲವೂ ಅವಳಿಗೆ ಎಚ್ಚರವಾಗಬೇಕು, ಮನೆಯ ತನಕ ಅಳಬೇಕು. ಇವತ್ತು ಹಾಲು ಕೊಂಡಾಗ ಅವಳಿಗೆ ಗೊತ್ತೇ ಆಗಲಿಲ್ಲ.

ಭಾನುವಾರದ ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗುವುದಿಲ್ಲ. ಇಡೀ ಹಾಸ್ಟೆಲಿಗೆ ಇರುವುದು ತಂತಿಯ ಫೋನ್ ಒಂದೇ, ನಿನ್ನ ಬೆನ್ನ ಹಿಂದೆ ನಾಲ್ವರು ಗಂಟಲು ಸರಿಮಾಡಿಕೊಳ್ಳುವುದು ನನಗೂ ಕೇಳಿಸುತ್ತದೆ. ಅದಕ್ಕೇ ಪತ್ರ.

ಇಲ್ಲಿ ಎಲ್ಲ ಸರಿಯಿದೆ.

ನಿನ್ನ
ಗಡಿಬಿಡಿ


ಮಾರ್ಚ್ 15

ಪ್ರೀತಿಯ ಗಡಿಬಿಡಿ,

ಹೊಸ ಫೋನಿನ ಸುದ್ದಿಯನ್ನು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ಬೇರೆ ಲೋಕದ ಕಥೆ ಕೇಳಿದ ಹಾಗೆ ಕೇಳಿದರು. ಗೊತ್ತಲ್ಲ, ಇಲ್ಲಿರುವುದು ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ದೊಡ್ಡ ತಟ್ಟೆಗಳು. ಸುತ್ತ ಮೂವತ್ತು ಕಿಲೋಮೀಟರಿನಲ್ಲಿ ಮೊಬೈಲ್ ಉಸಿರಾಡಿದರೂ ಇವಕ್ಕೆ ಕಿವಿ ನೋವು. ಮೊನ್ನೆ ಹೊಸ ವಿದ್ಯಾರ್ಥಿಯೊಬ್ಬ ತಂತಿಯಿಲ್ಲದ ಇಯರ್‌ಫೋನನ್ನು ಜೇಬಿನಲ್ಲಿ ಮರೆತು ಬಂದಿದ್ದ. ಅರ್ಧ ದಿನದ ಕೆಲಸ ಕೆಟ್ಟಿತು. ಅವನಿಗೆ ಈಗ ಇಲ್ಲಿ ಹೆಸರೇ ಇಲ್ಲ, ಎಲ್ಲರೂ ‘ಹೊಸ ನಕ್ಷತ್ರ’ ಎನ್ನುತ್ತಾರೆ.

ನಾನು ಎಂದಿನಂತೆ ಏಣಿಯ ಮೇಲೆ. ಈ ವಾರ ಏಳನೆಯ ತಟ್ಟೆಯ ಬೋಲ್ಟುಗಳನ್ನು ಬದಲಿಸಿದೆವು.

ಒಂದು ವಿಷಯ ಇದೆ. ಮುಖ್ಯಸ್ಥರು ಕರೆದಿದ್ದರು. ಜೂನ್‌ನಲ್ಲಿ ನನ್ನ ಒಪ್ಪಂದ ಮುಗಿಯುತ್ತದೆ. ಇನ್ನಾರು ತಿಂಗಳು ಇದ್ದರೆ ಖಾಯಂ ಮಾಡುತ್ತಾರಂತೆ. ಖಾಯಂ ಆದರೆ ಆಮೇಲೆ ನಮ್ಮೂರಿನ ಕಾರ್ಯಾಗಾರಕ್ಕೆ ವರ್ಗ ಕೇಳಬಹುದು. ಮೇ ಕೊನೆಯೊಳಗೆ ಸಹಿ ಹಾಕಬೇಕು. ಇಲ್ಲಿಗೆ ನಿಮ್ಮನ್ನು ಕರೆಸುವ ಹಾಗಿಲ್ಲ, ಕುಟುಂಬಕ್ಕೆ ಕೋಣೆ ಕೊಡುವುದಿಲ್ಲ. ನಿನಗೆ ಆಗುತ್ತದೆ ಎಂದರೆ ಹಾಕುತ್ತೇನೆ. ಆಗುವುದಿಲ್ಲ ಎಂದರೆ ಜೂನ್ ಎರಡನೆಯ ವಾರ ಮನೆ. ನಿಜ ಹೇಳು.

ಚುಕ್ಕಿಗೆ ಎರಡೂ ಕೆನ್ನೆಗೆ.

ನಿಮ್ಮ
ಏಣಿ


ಮಾರ್ಚ್ 29

ಪ್ರೀತಿಯ ಏಣಿ,

ಸಹಿ ಹಾಕು. ಇದರಲ್ಲಿ ಕೇಳುವುದೇನಿದೆ? ಎರಡು ವರ್ಷದಿಂದ ನೀನು ಕಾಯುತ್ತಿದ್ದದ್ದು ಇದನ್ನೇ.

ನಾವು ಚೆನ್ನಾಗಿದ್ದೇವೆ. ಚುಕ್ಕಿ ಬೋರಲು ಬೀಳುವುದನ್ನು ಕಲಿತಿದ್ದಾಳೆ, ತಿರುಗಿ ಅಂಗಾತ ಆಗುವುದನ್ನು ಕಲಿತಿಲ್ಲ. ಬಿದ್ದು, ನಾನೇನೋ ಬೀಳಿಸಿದ ಹಾಗೆ ನನ್ನ ಮೇಲೆ ಕೂಗಾಡುತ್ತಾಳೆ. ಗಂಟೆಗೊಮ್ಮೆ ಏಳುತ್ತಾಳೆ. ಹಲ್ಲಿರಬೇಕು ಎಂದರು ನಿಮ್ಮಮ್ಮ ಫೋನಿನಲ್ಲಿ. ಹಲ್ಲಿದ್ದರೆ ಎಲ್ಲಿ, ಕಾಣಿಸಲಿ. ನಾನು ಮಧ್ಯಾಹ್ನ ಮಲಗುತ್ತೇನೆ ಎಂದು ಅವರಿಗೆ ಹೇಳಿದ್ದೇನೆ. ನಿನಗೂ ಹೇಳುತ್ತಿದ್ದೇನೆ.

ಫೋನ್ ತಾಗಿಸುವುದು ಎಷ್ಟು ರೂಢಿಯಾಗಿದೆ ಎಂದರೆ ಪರ್ಸ್ ಎಲ್ಲಿಟ್ಟೆ ಎಂಬುದೂ ನೆನಪಿಲ್ಲ. ಬಸ್ಸು, ಬ್ರೆಡ್ಡು, ಮೆಡಿಕಲ್ ಶಾಪು, ಎಲ್ಲ ಕಡೆಯೂ ಟಿಂಗ್. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಫೋನ್, ಯಾರ ಮುಖವನ್ನೂ ನೋಡಬೇಕಾಗಿಲ್ಲ. ನಿದ್ದೆಗೆಟ್ಟ ಮುಖಕ್ಕೆ ಅದೂ ಒಂದು ಅನುಕೂಲವೇ.

ಇಲ್ಲಿ ಎಲ್ಲ ಸರಿಯಿದೆ.

ನಿನ್ನ
ಗಡಿಬಿಡಿ


ಏಪ್ರಿಲ್ 20, ಸೋಮವಾರ

ಏಣಿ,

ನಿನ್ನೆ ಫೋನಿನಲ್ಲಿ ನಾನು ಹೆಚ್ಚು ಮಾತಾಡಲಿಲ್ಲ ಎಂದು ನೀನು ಹೇಳಿದೆ. ಚುಕ್ಕಿಯನ್ನು ಎತ್ತಿಕೊಂಡಿದ್ದೆ, ಅದಕ್ಕೆ.

ಹೊಸ ಫೋನಿನಲ್ಲಿ ಆ ತಾಗಿಸುವ ಸೌಲಭ್ಯವನ್ನು ತೆಗೆಸಿಬಿಟ್ಟೆ. ಹಳೆಯ ಪರ್ಸ್ ಹುಡುಕಿ, ಇದ್ದ ಜಾಗದಲ್ಲೇ ಇಟ್ಟುಕೊಂಡೆ. ನನಗೆ ಹೊಂದಲಿಲ್ಲ, ಅಷ್ಟೇ. ಅದರಲ್ಲಿ ದೊಡ್ಡ ವಿಷಯ ಏನಿಲ್ಲ.

ಚುಕ್ಕಿ ಚೆನ್ನಾಗಿದ್ದಾಳೆ. ತೂಕ ಸರಿಯಾಗಿದೆ. ಮೈಮೇಲೆ ಒಂದು ಗೀರೂ ಇಲ್ಲ. ಈಗ ತೊಡೆಯ ಮೇಲೇ ಮಲಗಿದ್ದಾಳೆ, ಅದಕ್ಕೆ ಅಕ್ಷರ ಸೊಟ್ಟ. ಇಳಿಸಬಹುದು, ಇಳಿಸುತ್ತಿಲ್ಲ.

ಚುಕ್ಕಿಯ ಅಮ್ಮ


ಮೇ 4

ಪ್ರೀತಿಯ ಗಡಿಬಿಡಿ,

ನಿನ್ನ ಹಿಂದಿನ ಪತ್ರ ಎಷ್ಟು ಸಣ್ಣದಿತ್ತು ಎಂದರೆ ಲಕೋಟೆಯೊಳಗೆ ಇನ್ನೊಂದು ಹಾಳೆ ಸಿಕ್ಕಿಕೊಂಡಿದೆಯೇನೋ ಎಂದು ಹರಿದು ನೋಡಿದೆ. ಮಗುವಿನ ಮೈಮೇಲೆ ಗೀರಿಲ್ಲ ಎಂದು ಯಾಕೆ ಬರೆದೆ? ಬೋರಲು ಬಿದ್ದಾಗ ಮಂಚದಿಂದ ಉರುಳಿದಳಾ? ಹಾಗಾಗಿದ್ದರೆ ಹೇಳು, ಬೈಯುವುದಿಲ್ಲ. ನನ್ನನ್ನು ನಮ್ಮಮ್ಮ ಎರಡು ಸಲ ಬೀಳಿಸಿದ್ದಾರಂತೆ, ಅದರ ಫಲವನ್ನು ನೀನೇ ಅನುಭವಿಸುತ್ತಿದ್ದೀಯ.

ಬ್ಯಾಂಕಿನ ಕಾಗದ ಬಂತು. ಖಾತೆ ನನ್ನ ಹೆಸರಿನಲ್ಲಿರುವುದರಿಂದ ಇನ್ನೂ ಇಲ್ಲಿಗೇ ಕಳಿಸುತ್ತಾರೆ. ಇಲ್ಲಿ ಓದಲು ಬೇರೇನೂ ಇಲ್ಲದಿರುವಾಗ ಅದನ್ನೂ ಕಾದಂಬರಿಯ ಹಾಗೆ ಓದುತ್ತೇನೆ. ನೀವಿಬ್ಬರೂ ಎಲ್ಲೆಲ್ಲಿ ಓಡಾಡಿದಿರಿ ಎಂಬುದು ಕಣ್ಣಿಗೆ ಕಟ್ಟುತ್ತದೆ. ಹನ್ನೊಂದಕ್ಕೆ ಬ್ರೆಡ್ಡು, ನಾಲ್ಕಕ್ಕೆ ಬಸ್ಸು. ಏಪ್ರಿಲ್ ಹದಿನೇಳು, ಶುಕ್ರವಾರ, ಹತ್ತು ನಲವತ್ತೆರಡಕ್ಕೆ ಮೆಡಿಕಲ್ ಶಾಪು. ಹತ್ತು ಐವತ್ತೈದಕ್ಕೆ ಮತ್ತೆ ಅದೇ ಮೆಡಿಕಲ್ ಶಾಪು. ಅದಾದ ಮೇಲೆ ಒಂದೂ ಇಲ್ಲ, ಪೂರ್ತಿ ಖಾಲಿ.

ಅರ್ಧ ದಾರಿ ಹೋಗಿ ವಾಪಸ್ ಬಂದಿರಬೇಕು ನಮ್ಮ ಗಡಿಬಿಡಿ. ಏನು ಮರೆತಿದ್ದೆ?

ಅರ್ಜಿ ಬಂದಿದೆ, ಮೇಜಿನ ಮೇಲಿದೆ. ನೀನು ಹಾಕು ಎಂದಿದ್ದೀಯ, ಹಾಕುತ್ತೇನೆ.

ನಿಮ್ಮ
ಏಣಿ


ಮೇ 9, ಶನಿವಾರ

ಏಣಿ,

ಹತ್ತಿ. ಒಂದು ಸುತ್ತು ಹತ್ತಿ ಮರೆತಿದ್ದೆ. ಮಂಚದಿಂದ ಬಿದ್ದಿಲ್ಲ.

ಚುಕ್ಕಿಯ ಅಮ್ಮ


ಮೇ 11, ಸೋಮವಾರ

ಏಣಿ,

ಈ ಪತ್ರವೂ ಹಿಂದಿನದೂ ಒಂದೇ ಸಲಕ್ಕೆ ಕೈಸೇರಿದರೂ ಸೇರಬಹುದು. ಇದನ್ನು ಒಬ್ಬನೇ ಇರುವಾಗ ಓದು. ಊಟದ ಮೇಜಿನಲ್ಲಿ ಬೇಡ.

ನಿನ್ನೆ ಫೋನಿನಲ್ಲಿ ನೀನು ಮತ್ತೆ ಕೇಳಿದೆ. ಹತ್ತಿ ಎಂದೆ. ನೀನು ನಕ್ಕೆ. ನಿನ್ನ ಹಿಂದೆ ನಿಂತಿದ್ದವರೂ ನಕ್ಕರು. ಆಮೇಲೆ ನೀನು ತಿಂಗಳ ಕೊನೆಗೆ ಸಹಿ ಹಾಕಿಬಿಡುತ್ತೇನೆ ಎಂದೆ. ಫೋನ್ ಇಟ್ಟ ಮೇಲೆ ಸಂಜೆಯವರೆಗೂ ಆ ನಗು ನನ್ನ ಕಿವಿಯಲ್ಲೇ ಇತ್ತು. ನೀನು ನನ್ನ ಮಾತು ನಂಬಿ ಆರು ತಿಂಗಳು ಬರೆದುಕೊಡುತ್ತೀಯ, ಮತ್ತು ನಾನು ಸುಳ್ಳು ಹೇಳಿದ್ದೇನೆ.

ಹತ್ತಿಯನ್ನು ನಾನು ಮರೆತಿರಲಿಲ್ಲ. ಮರೆತದ್ದು ಚುಕ್ಕಿಯನ್ನು.

ಆ ಶುಕ್ರವಾರ ಅವಳಿಗೆ ಜ್ವರದ ಔಷಧಿ ಬೇಕಿತ್ತು. ಮೆಡಿಕಲ್ ಶಾಪಿನ ಒಳಗೆ, ಬಾಗಿಲ ಪಕ್ಕ, ತೂಕದ ಯಂತ್ರದ ಹತ್ತಿರ ಗಾಡಿ ನಿಲ್ಲಿಸಿದೆ. ಅಂಗಡಿ ತುಂಬ ಜನ. ಸಾಲಿನಲ್ಲಿ ನಿಂತೆ, ಔಷಧಿ ಕೇಳಿದೆ, ಜೇಬಿನಿಂದ ಫೋನ್ ತೆಗೆದು ತಾಗಿಸಿದೆ, ಟಿಂಗ್ ಎಂದಿತು, ಬಾಗಿಲು ದಾಟಿ ಮನೆಗೆ ಹೋದೆ.

ಮೊದಲೆಲ್ಲ ಹಾಗಾಗಲು ಸಾಧ್ಯವೇ ಇರಲಿಲ್ಲ. ಪರ್ಸ್ ಅವಳ ಕಾಲ ಕೆಳಗಿತ್ತು. ದುಡ್ಡು ಕೊಡಬೇಕಾದರೆ ಅವಳ ಹತ್ತಿರ ಹೋಗಲೇಬೇಕು, ಕಾಲು ಎತ್ತಲೇಬೇಕು, ಚಿಲ್ಲರೆ ಬಂದ ಮೇಲೆ ಮತ್ತೆ ಎತ್ತಿ ಪರ್ಸ್ ಇಡಬೇಕು, ಹಾಗೇ ಗಾಡಿಯ ಹಿಡಿ ಕೈಗೆ ಬರುತ್ತಿತ್ತು. ಕಾಲೇಜಿನಲ್ಲಿ ಮನಃಶಾಸ್ತ್ರ ಓದುವಾಗ ಅಭ್ಯಾಸಗಳ ಬಗ್ಗೆ ಒಂದು ಇಡೀ ಅಧ್ಯಾಯ ಬಾಯಿಪಾಠ ಮಾಡಿದ್ದೆ, ಒಂದು ಕೊಂಡಿ ಇನ್ನೊಂದನ್ನು ಎಳೆಯುತ್ತದೆ ಎಂದು. ಅವಳ ನಿದ್ದೆ ಕೆಡದಿರಲಿ ಎಂದು ನಾನೇ ಒಂದು ಕೊಂಡಿ ಕಳಚಿದೆ. ಆದರೆ ಇದು ವಿವರಣೆ ಅಷ್ಟೇ. ವಿವರಣೆ ಇದೆ ಎಂದ ಮಾತ್ರಕ್ಕೆ ನನಗೆ ಯಾವ ಸಮಾಧಾನವೂ ಇಲ್ಲ. ಎಷ್ಟೋ ತಾಯಂದಿರು ಹಾಗೇ ದುಡ್ಡು ಕೊಡುತ್ತಾರೆ, ಮಗುವನ್ನು ಕರೆದುಕೊಂಡೇ ಹೋಗುತ್ತಾರೆ.

ಮನೆಯ ಮೆಟ್ಟಿಲ ಬುಡಕ್ಕೆ ಬಂದೆ. ಔಷಧಿಯ ಚೀಲವನ್ನು ಮೊದಲ ಮೆಟ್ಟಿಲ ಮೇಲಿಟ್ಟು, ಗಾಡಿಯ ಮುಂದಿನ ಚಕ್ರ ಎತ್ತಲು ಬಗ್ಗಿದೆ. ಎರಡೂ ಕೈ ಚಾಚಿ ಬಗ್ಗಿದೆ. ಹಿಡಿಯಲು ಅಲ್ಲೇನೂ ಇರಲಿಲ್ಲ.

ಓಡಿದೆ. ಹೇಗೆ ಓಡಿದೆ ಎಂದು ಗೊತ್ತಿಲ್ಲ, ಒಂದು ಚಪ್ಪಲಿ ಮಾರನೆಯ ದಿನ ಚರಂಡಿಯ ಪಕ್ಕ ಸಿಕ್ಕಿತು. ಹೋದಾಗ ಗಾಡಿ ಬಾಗಿಲ ಹತ್ತಿರ ಇರಲಿಲ್ಲ. ಅಂಗಡಿಯಾಕೆ ಕೌಂಟರಿನ ಹಿಂದೆ ಇಟ್ಟುಕೊಂಡಿದ್ದರು. ನನ್ನನ್ನು ನೋಡಿ ಏನೂ ಕೇಳದೆ ಗಾಡಿಯನ್ನು ಈಚೆ ತಳ್ಳಿದರು. ಜನ ನೋಡುತ್ತಿದ್ದರು. ಆಗ ನಾನು ಏನು ಮಾಡಿದೆ ಗೊತ್ತಾ? ಏನೋ ಮರೆತು ವಾಪಸ್ ಬಂದವಳ ಹಾಗೆ ಒಂದು ಸುತ್ತು ಹತ್ತಿ ಕೊಡಿ ಎಂದೆ. ತಾಗಿಸಿದೆ. ನೀನು ಓದಿದ ಹತ್ತು ಐವತ್ತೈದು ಅದು. ಹತ್ತಿ ಹಾಗೇ ಇದೆ, ಸುತ್ತಿದ ಕಾಗದವನ್ನೂ ಬಿಚ್ಚಿಲ್ಲ.

ಹದಿಮೂರು ನಿಮಿಷ. ಬ್ಯಾಂಕಿನವರು ಅಚ್ಚು ಹಾಕಿದ್ದಾರೆ, ಕಡಿಮೆ ಮಾಡಿ ಹೇಳುವ ಹಾಗೂ ಇಲ್ಲ.

ಇನ್ನು ನೀನು ಏನು ಬೇಕಾದರೂ ಮಾಡು. ಸಹಿ ಹಾಕು, ಬಿಡು, ಅವಳನ್ನು ಕರೆದುಕೊಂಡು ಹೋಗಿ ನಿಮ್ಮಮ್ಮನ ಹತ್ತಿರ ಬಿಡು. ಕೇಳಿಕೊಳ್ಳುವುದು ಒಂದೇ, ಯಾವುದನ್ನು ಮಾಡುವುದಾದರೂ ಗೊತ್ತಿದ್ದು ಮಾಡು. ಅಮ್ಮಂದಿರಿಬ್ಬರಿಗೂ ನಾನೇ ಹೇಳುವ ತನಕ ಹೇಳಬೇಡ.

ಚುಕ್ಕಿಯ ಅಮ್ಮ


ಮೇ 18

ಪತ್ರಗಳು ಬಂದವು, ಎರಡೂ.

ನಿನ್ನೆ ಫೋನಿನಲ್ಲಿ ನಾನು ಏನೂ ಹೇಳಲಿಲ್ಲ, ನೀನೂ ಕೇಳಲಿಲ್ಲ. ಹಿಂದೆ ಜನ ಇದ್ದರು. ಜನ ಇಲ್ಲದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಮೂರು ದಿನದಿಂದ ಏಣಿ ಹತ್ತಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಹೇಳಿದ್ದೇನೆ. ಕೆಳಗೆ ಕೂತು ಬೋಲ್ಟುಗಳನ್ನು ಒರೆಸುತ್ತಿದ್ದೇನೆ.

ಆ ಹದಿಮೂರು ನಿಮಿಷ ನನಗೆ ಬೇಕು. ಅವಳು ಮಲಗಿದ್ದಳಾ, ಎಚ್ಚರವಿದ್ದಳಾ? ಅತ್ತಳಾ? ಯಾರು ಎತ್ತಿಕೊಂಡರು? ಬಾಗಿಲ ಹತ್ತಿರ ಎಷ್ಟು ಹೊತ್ತು ಒಬ್ಬಳೇ ಇದ್ದಳು? ನಿನಗೆ ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ ಬರಿ. ನಾನೇ ಅಂದುಕೊಳ್ಳಲು ಹೋದರೆ ದಿನಕ್ಕೊಂದು ತರ ಆಗುತ್ತಿದೆ, ಒಂದಕ್ಕಿಂತ ಒಂದು ಕೆಟ್ಟದು.

ನೀನು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ, ಏನು ಯೋಚಿಸುತ್ತಿದ್ದೆ ಎಂಬುದನ್ನೂ ಬರಿ. ಬಿಡದೆ ಬರಿ.

ಅರ್ಜಿ ಮೇಜಿನ ಮೇಲೇ ಇದೆ.


ಮೇ 23, ಶನಿವಾರ

ಏಣಿ,

ಹೋಗಿ ಕೇಳಿ ಬಂದೆ. ಆವತ್ತಿನಿಂದ ಆ ಬೀದಿಯನ್ನೇ ಬಿಟ್ಟು ಸುತ್ತು ಹಾಕಿ ಓಡಾಡುತ್ತಿದ್ದೆ. ನಿನ್ನ ಪತ್ರ ಬರದಿದ್ದರೆ ಈ ಜನ್ಮದಲ್ಲಿ ಆ ಅಂಗಡಿಗೆ ಹೋಗುತ್ತಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಹೋದೆ, ಜನ ಇರುವುದಿಲ್ಲವೆಂದು. ಚುಕ್ಕಿಯನ್ನು ಎದೆಗೆ ಕಟ್ಟಿಕೊಂಡಿದ್ದೆ. ಅಂಗಡಿಯಾಕೆ ಮಾತ್ರೆಗಳ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸುತ್ತಿದ್ದರು. ನಮ್ಮಮ್ಮನ ವಯಸ್ಸಿರಬಹುದು, ಕನ್ನಡಕ ಮೂಗಿನ ತುದಿಯಲ್ಲಿ. ನಾನು ಯಾರೆಂದು ಹೇಳಬೇಕಾಗಲಿಲ್ಲ. ನನ್ನ ಗಂಡ ಆವತ್ತಿನದನ್ನೆಲ್ಲ ಕೇಳುತ್ತಿದ್ದಾರೆ ಎಂದೆ. ಅವರು ಕತ್ತರಿ ಕೆಳಗಿಟ್ಟು, ಒಳಗಿದ್ದ ಸ್ಟೂಲು ಎಳೆದು ಕೊಟ್ಟರು.

ನಾನು ಹೋದ ಮೇಲೆ ಇನ್ನೂ ಮೂವರಿಗೆ ಔಷಧಿ ಕೊಟ್ಟರಂತೆ. ಅಷ್ಟು ಹೊತ್ತು, ನಾಲ್ಕು ನಿಮಿಷ ಇರಬಹುದು ಎಂದರು, ಚುಕ್ಕಿ ಬಾಗಿಲ ಹತ್ತಿರ ಒಬ್ಬಳೇ ಇದ್ದಳು. ಮಲಗಿದ್ದಳು. ಬಾಗಿಲು ತೆರೆದಿತ್ತು. ನೀನು ಬಿಡದೆ ಬರಿ ಎಂದಿದ್ದೀಯ, ಬರೆಯುತ್ತಿದ್ದೇನೆ, ಬಾಗಿಲು ತೆರೆದಿತ್ತು. ಆಮೇಲೆ ಎಚ್ಚರವಾಗಿ ಒಂದು ಸಣ್ಣ ಸದ್ದು ಮಾಡಿದಳಂತೆ. ಅತ್ತದ್ದಲ್ಲ, ಯಾರನ್ನೋ ಕರೆದ ಹಾಗೆ. ಸಾಲಿನಲ್ಲಿದ್ದ ವ್ಯಾನ್ ಡ್ರೈವರೊಬ್ಬ ಇದು ಯಾರ ಮಗು ಎಂದು ಕೇಳಿದ. ಯಾರದ್ದೂ ಆಗಿರಲಿಲ್ಲ. ಪೊಲೀಸರಿಗೆ ಫೋನ್ ಮಾಡೋಣ ಎಂದ. ಅಂಗಡಿಯಾಕೆ ಹೊರಗೆ ಬಂದು ಗಾಡಿಯನ್ನು ಕೌಂಟರಿನ ಹಿಂದೆ ತಂದುಕೊಂಡು, ಇವಳಮ್ಮ ನನಗೆ ಗೊತ್ತು, ಹೇಳಿ ಹೋಗಿದ್ದಾರೆ ಎಂದುಬಿಟ್ಟರಂತೆ. ನಾನು ಅವರಿಗೆ ಗೊತ್ತೇ ಇರಲಿಲ್ಲ.

ಎಷ್ಟು ಹೊತ್ತು ಕಾಯುತ್ತಿದ್ದಿರಿ ಎಂದು ಕೇಳಿದೆ.

“ಹನ್ನೊಂದೂಕಾಲು ತನಕ ನೋಡೋಣ ಅಂದ್ಕೊಂಡಿದ್ದೆ,” ಎಂದರು. “ಆಮೇಲೆ ಫೋನ್ ಮಾಡ್ಲೇಬೇಕಾಗಿತ್ತು. ಮಾಡ್ತಿದ್ದೆ. ನಿಮ್ಮ ಹತ್ರ ಸುಳ್ಳು ಯಾಕೆ.”

ಚುಕ್ಕಿ ಅಷ್ಟೂ ಹೊತ್ತು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡುತ್ತಿದ್ದಳಂತೆ. ಒಂದು ಸಲ ಅವರ ಕನ್ನಡಕದ ದಾರ ಹಿಡಿದು ಎಳೆದಳಂತೆ. ಎತ್ತಿಕೊಳ್ಳಲಿಲ್ಲ, ಕೈ ಮಾತ್ರ ಕೊಟ್ಟಿದ್ದೆ ಎಂದರು. ಎತ್ತಿಕೊಂಡರೆ ಅಮ್ಮ ಅಲ್ಲ ಎಂದು ಗೊತ್ತಾಗಿ ಅಳುತ್ತಿದ್ದಳು ಎಂದರು. ಇಷ್ಟು ಅವಳ ಹದಿಮೂರು ನಿಮಿಷ.

ಎದ್ದು ಹೊರಟೆ. ಅವರು ಇನ್ನೂ ಏನೋ ಹೇಳಬೇಕೆಂದು ತಡೆದರು. ಈ ಫೋನ್ ತಾಗಿಸುವ ಯಂತ್ರ ಬಂದಾಗಿನಿಂದ ಜನ ಏನೇನು ಬಿಟ್ಟು ಹೋಗಿದ್ದಾರೆ ಎಂದು ಒಂದು ಪೆಟ್ಟಿಗೆ ತೋರಿಸಿದರು. ಕೊಡೆ, ಎಕ್ಸ್‌ರೇ, ಒಬ್ಬರ ಹಲ್ಲಿನ ಸೆಟ್ಟು. ಆ ಹಲ್ಲಿನವರು ವಾಪಸ್ ಬರಲು ನಾಲ್ಕು ದಿನ ಆಯಿತಂತೆ, ಅಷ್ಟು ದಿನ ಏನು ತಿಂದರೋ ಎಂದು ನಕ್ಕರು. ನನಗೂ ನಗು ಬಂತು, ಬಂದ ಕೂಡಲೇ ಅಳುವಾಯಿತು. ಆಗ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಮೊದ್ಲೆಲ್ಲ ಚಿಲ್ಲರೆ ಕೈಗೆ ಹಾಕೋವಾಗ ಒಂದ್ಸಲ ಮುಖ ನೋಡ್ತಿದ್ದೆ ಕಣಮ್ಮ. ಈಗ ಟಿಂಗ್ ಅಂದ್ರೆ ಮುಂದಿನವರು. ಆವತ್ತು ನಿಮ್ಮ ಮುಖ ನಾನು ನೋಡ್ಲಿಲ್ಲ. ನೋಡಿದ್ರೆ, ಈಕೆ ನಿದ್ದೆ ಮಾಡಿಲ್ಲ ಅಂತ ಯಾರಿಗಾದ್ರೂ ಗೊತ್ತಾಗ್ತಿತ್ತು. ಅಷ್ಟು ನನ್ನದೂ ತಪ್ಪು.”

ಇನ್ನು ನನ್ನ ಹದಿಮೂರು ನಿಮಿಷ. ಅದನ್ನು ಹಿಂದಿನ ಪತ್ರದಲ್ಲಿ ಬರೆಯಲಿಲ್ಲ. ಮಗುವನ್ನು ಬಿಟ್ಟು ಬಂದೆ ಎಂದು ಬರೆಯುವುದಕ್ಕಿಂತ ಇದನ್ನು ಬರೆಯುವುದು ಕಷ್ಟ.

ಅಂಗಡಿಯಿಂದ ಮನೆಗೆ ಏಳು ನಿಮಿಷದ ದಾರಿ. ಆ ಏಳು ನಿಮಿಷ ನನಗೆ ಹಾಯಾಗಿತ್ತು. ಬಿಸಿಲು ಹಿತವಾಗಿತ್ತು. ಕೈ ಬೀಸಿಕೊಂಡು ನಡೆದೆ. ಮೈ ಯಾಕೋ ಇವತ್ತು ಹಗುರ ಎಂದುಕೊಂಡೆ, ಬಹುಶಃ ಸುಸ್ತು ಕಡಿಮೆಯಾಗುತ್ತಿದೆ ಎಂದುಕೊಂಡೆ. ಪುಸ್ತಕದ ಅಂಗಡಿಯ ಮುಂದೆ ನಿಂತು ಗಾಜಿನೊಳಗೆ ನೋಡಿದೆ. ಏನೋ ಗುನುಗುತ್ತಿದ್ದೆ. ಯಾವುದೋ ಕಾಲದಲ್ಲಿ ನಾನು ಹಾಗೆ ನಡೆಯುತ್ತಿದ್ದೆನಲ್ಲ, ಆ ಹುಡುಗಿ ವಾಪಸ್ ಬಂದಿದ್ದಳು. ಮೆಟ್ಟಿಲ ಬುಡದಲ್ಲಿ ಬಗ್ಗುವ ತನಕ ನಾನು ಸಂತೋಷವಾಗಿದ್ದೆ.

ಮರೆತದ್ದಕ್ಕೆ ನಿದ್ದೆಗೇಡು ಎನ್ನಬಹುದು, ಫೋನು ಎನ್ನಬಹುದು. ಸಂತೋಷವಾಗಿದ್ದದ್ದಕ್ಕೆ ಏನು ಹೇಳಲಿ? ಆವತ್ತಿನಿಂದ ನನಗೆ ಹೆದರಿಕೆ ಇದರದ್ದೇ. ಅವಳನ್ನು ಎತ್ತಿಕೊಂಡಾಗಲೆಲ್ಲ ಅದು ನೆನಪಾಗುತ್ತದೆ, ಇಳಿಸಲು ಭಯವಾಗುತ್ತದೆ. ಮಲಗಿದರೆ ಏನು ಮರೆಯುತ್ತೇನೋ ಎಂದು ಮಲಗುವುದನ್ನೂ ಬಿಟ್ಟಿದ್ದೇನೆ. ಎಲ್ಲ ಸರಿಯಿದೆ ಎಂದು ನಿನಗೆ ಬರೆದ ಯಾವ ದಿನವೂ ಏನೂ ಸರಿಯಿರಲಿಲ್ಲ. ಮಧ್ಯಾಹ್ನ ಮಲಗುತ್ತೇನೆ ಎಂದದ್ದೂ ಸುಳ್ಳು.

ಕೇಳಿದ್ದೆಲ್ಲ ಬರೆದಿದ್ದೇನೆ. ಬಿಟ್ಟಿಲ್ಲ.

ಚುಕ್ಕಿಯ ಅಮ್ಮ


ಮೇ 31, ಭಾನುವಾರ

ನನ್ನವಳೇ,

ಇವತ್ತು ಫೋನಿಗೆ ಸಾಲು ನಿಲ್ಲಲಿಲ್ಲ. ಬರೆಯುತ್ತಿದ್ದೇನೆ.

ಸಹಿ ಹಾಕಲಿಲ್ಲ. ನಿನ್ನೆ ಅರ್ಜಿಯನ್ನು ವಾಪಸ್ ಕೊಟ್ಟೆ. ಮುಖ್ಯಸ್ಥರು ಕಾರಣ ಕೇಳಿದರು. ಹೆಂಡತಿಗೆ ಹುಷಾರಿಲ್ಲ ಎಂಬುದು ಬಾಯಿಯ ತುದಿಗೆ ಬಂದಿತ್ತು, ಅಂದಿದ್ದರೆ ಅವರೂ ಸುಮ್ಮನಾಗುತ್ತಿದ್ದರು. ನಿನ್ನ ಮೇಲೆ ಹೊರಿಸಿ ಪಾರಾಗುವುದು ಬೇಡ ಎನ್ನಿಸಿತು. “ನಾನು ಮನೆಯಲ್ಲಿರಬೇಕಿತ್ತು ಸಾರ್, ಇರಲಿಲ್ಲ,” ಎಂದೆ. ಖಾಯಂ ಮತ್ತೆ ಸಿಗುವುದಿಲ್ಲ ಗೊತ್ತಲ್ಲ ಎಂದರು. ಗೊತ್ತು ಎಂದೆ. ಹತ್ತನೆಯ ತಾರೀಖು ಬೆಳಗಿನ ಬಸ್ಸಿಗೆ ಬರುತ್ತೇನೆ.

ನೀನು ಬಿಡದೆ ಬರೆದಿದ್ದೀಯ, ನಾನೂ ಬಿಡುವುದಿಲ್ಲ. ಮರೆತದ್ದು ಚುಕ್ಕಿಯನ್ನು ಎಂದು ಬರೆದ ಪತ್ರ ಓದಿದಾಗ ನಿನ್ನ ಮೇಲೆ ಬಂದ ಸಿಟ್ಟು ಎಂಥದ್ದೆಂದರೆ ನೀನು ಎದುರಿಗಿಲ್ಲದಿದ್ದದ್ದು ಒಳ್ಳೆಯದಾಯಿತು. ಇನ್ನೂ ಸ್ವಲ್ಪ ಇದೆ. ಬಾಗಿಲು ತೆರೆದಿತ್ತು ಎಂಬ ಕಡೆ ಪ್ರತಿ ಸಲವೂ ನಿಲ್ಲುತ್ತೇನೆ.

ಮೊನ್ನೆಯ ಪತ್ರ ಓದಿದ ಮೇಲೆ ನಿನ್ನ ಹಳೆಯ ಪತ್ರಗಳನ್ನೆಲ್ಲ ತೆಗೆದು ಕೂತೆ. ಪ್ರತಿಯೊಂದರಲ್ಲೂ ‘ಎಲ್ಲ ಸರಿಯಿದೆ’ ಎಂದಿದೆ. ಗಂಟೆಗೊಮ್ಮೆ ಏಳುತ್ತಾಳೆ ಎಂದು ಬರೆದ ಹಾಳೆಯಲ್ಲೇ ಸರಿಯಿದೆ. ಅದನ್ನು ಓದಿ ನಾನು ಹಾಯಾಗಿ ಮಲಗಿದೆ. ನಿನ್ನ ಮಾತಿನ ಮೇಲೆ ಅಷ್ಟು ನಂಬಿಕೆ ಎಂದಲ್ಲ. ನಂಬಿದರೆ ನನಗೆ ಅನುಕೂಲವಿತ್ತು. ಭಾನುವಾರಗಳಲ್ಲಿ ನಿನ್ನ ದನಿ ಬೇರೆಯಾಗಿತ್ತು. ನನಗೆ ತಿಳಿಯುತ್ತಿತ್ತು. ಹಿಂದೆ ಜನ ಇದ್ದಾರೆ ಎಂಬುದು ನೆವ, ಇನ್ನೊಂದು ಮಾತು ಕೇಳಿದ್ದರೆ ಅವರೇನೂ ನನ್ನನ್ನು ತಿನ್ನುತ್ತಿರಲಿಲ್ಲ.

ಏಳು ನಿಮಿಷ ಹಾಯಾಗಿತ್ತು ಎಂದು ಬರೆದಿದ್ದೀಯ. ಇಲ್ಲಿ ನನಗೆ ದಿನವೂ ಹಾಯಾಗಿದೆ. ಕೆಲಸ ಮುಗಿಸಿ ಸ್ನಾನ ಮಾಡಿ ಕೈ ಬೀಸಿಕೊಂಡು ನಡೆದು ಹೋಗುತ್ತೇನೆ. ಅದನ್ನು ಯಾರೂ ನನ್ನಿಂದ ತಪ್ಪೊಪ್ಪಿಗೆ ಎಂದು ಬರೆಸಿಕೊಳ್ಳುವುದಿಲ್ಲ.

ನಿಮ್ಮಿಬ್ಬರ


ಜೂನ್ 4, ಗುರುವಾರ

ಪ್ರೀತಿಯ ಏಣಿ,

ಪತ್ರ ಬಂತು. ಓದಿ ಮಡಚಿಟ್ಟು, ತುಂಬ ಹೊತ್ತು ಚುಕ್ಕಿಯ ಬಟ್ಟೆಗಳನ್ನು ಮಡಚುತ್ತ ಕೂತೆ. ಮಡಚಿದ್ದನ್ನೇ ಮತ್ತೆ ಮಡಚಿದೆ.

ಸಹಿ ಹಾಕಬೇಡ ಎಂದು ನಾನು ಕೇಳಿರಲಿಲ್ಲ. ಹಾಕು ಎಂದು ಇನ್ನೊಂದು ಸಲ ಹೇಳುವಷ್ಟು ಒಳ್ಳೆಯವಳೂ ಅಲ್ಲ. ನಿನ್ನ ಖಾಯಂ ಹೋಯಿತು. ಅದರ ಸಂಕಟ ನನಗಿದೆ, ಮತ್ತು ನೀನು ಬರುತ್ತೀಯ ಎಂದು ಓದಿದ ಕೂಡಲೇ ಕ್ಯಾಲೆಂಡರಿನಲ್ಲಿ ಹತ್ತನೆಯ ತಾರೀಖಿಗೆ ಗುರುತು ಹಾಕಿದೆ. ಎರಡೂ ನಿಜ.

ಒಂದು ಭಯವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಯಾವತ್ತೋ ಒಂದು ದಿನ, ಅನ್ನ ಸೀದದ್ದಕ್ಕೋ ಬಿಲ್ ಕಟ್ಟದೇ ಇದ್ದದ್ದಕ್ಕೋ ಜಗಳವಾಗುತ್ತದೆ, ಆಗ ನೀನು ಆ ಶುಕ್ರವಾರವನ್ನು ಎತ್ತಿ ಆಡುತ್ತೀಯ. ಆಡುವುದಿಲ್ಲ ಎಂದು ಮಾತು ಕೊಡಬೇಡ. ಕೊಟ್ಟರೆ ನಂಬುವುದಿಲ್ಲ. ಆಡಿದರೆ ನಾನೂ ಸುಮ್ಮನಿರುವುದಿಲ್ಲ, ಅಲ್ಲಿನ ನಿನ್ನ ಹಾಯಾದ ದಿನಗಳನ್ನು ಎತ್ತುತ್ತೇನೆ. ಹೇಗೋ ಬದುಕೋಣ.

ನಿಮ್ಮಮ್ಮನಿಗೆ ಹೇಳಿದೆ. ಬೈಗುಳ ಕಾಯುತ್ತಿದ್ದೆ. ನಿನ್ನನ್ನು ಎರಡು ಸಲ ಬೀಳಿಸಿದ್ದು ಎಂದು ಎಲ್ಲರಿಗೂ ಹೇಳುತ್ತೇನೆ, ನಿಜಕ್ಕೂ ಮೂರು ಸಲ ಎಂದರು. ನಮ್ಮಮ್ಮನಿಗೆ ಇನ್ನೂ ಹೇಳಿಲ್ಲ.

ನನ್ನನ್ನು ಕಾಯುವುದಕ್ಕೆಂದು ಬರಬೇಡ. ನಾನು ಬಟ್ಟೆ ಒಗೆಯುವಾಗ ಹಿಂದೆ ಬಂದು ಮಗು ಎಲ್ಲಿ ಎಂದು ನೋಡುವುದು, ನಾನು ಅಂಗಡಿಗೆ ಹೊರಟರೆ ಚಪ್ಪಲಿ ಹಾಕಿಕೊಳ್ಳುವುದು, ಅದೆಲ್ಲ ಬೇಡ. ಅಂಥ ಕಾವಲನ್ನು ನನ್ನ ಮೇಲೆ ನಾನೇ ಹಾಕಿಕೊಂಡು ಏಳು ವಾರ ಆಯಿತು. ಅದರಿಂದ ಯಾರಿಗೂ ಒಳ್ಳೆಯದಾಗಿಲ್ಲ.

ಒಂದು ಉಪಕಾರ ಮಾಡು. ಹತ್ತನೆಯ ತಾರೀಖು ಬಂದವನೇ ಕೈಕಾಲು ತೊಳೆದುಕೊಂಡು ಅವಳನ್ನು ಎತ್ತಿಕೋ. ಮೊದಲು ಅಳುತ್ತಾಳೆ, ನಿನ್ನ ಗುರುತು ಅಷ್ಟಿಲ್ಲ. ಅಳಲಿ. ಗಾಡಿಯಲ್ಲಿ ಕೂರಿಸಿಕೊಂಡು ಹೊರಗೆ ಹೋಗು, ಒಬ್ಬನೇ. ಎಲ್ಲಿಗೆ ಎಂದು ಕೇಳುವುದಿಲ್ಲ. ಎಷ್ಟು ಹೊತ್ತಿಗೆ ಬರುತ್ತೀಯ ಎಂದೂ ಕೇಳುವುದಿಲ್ಲ. ಫೋನ್ ಮಾಡುವುದಿಲ್ಲ, ಕಿಟಕಿಯ ಹತ್ತಿರ ನಿಂತಿರುವುದಿಲ್ಲ. ಬೀಗದ ಕೈ ನೀನೇ ತೆಗೆದುಕೊಂಡು ಹೋಗು.

ನಾನು ಮಲಗಿರುತ್ತೇನೆ.

ನಿನ್ನವಳು